ಗೌರವ ಪ್ರತಿ

ನನ್ನ ಪುಸ್ತಕಗಳಿಗೆ ಮಾರ್ಕೆಟಿಂಗ್ ಬೇಕು ಎಂದು ಮೊದಲು ಹೇಳಿದವನು ನನ್ನ ತಂಗಿಯ ಮಗ ಕಿರಣಕುಮಾರ. ಐದು ಪುಸ್ತಕಗಳಲ್ಲಿ ಅವನು ಒಂದನ್ನೂ ಓದಿರಲಿಲ್ಲ. ಓದಿಲ್ಲದ್ದರಿಂದಲೇ ಅಷ್ಟು ಧೈರ್ಯವಾಗಿ ಮಾತಾಡುತ್ತಿದ್ದ. ಜೋಯಿಡಾ ಕಡೆಯ ರೆಸಾರ್ಟುಗಳಿಗೆ ಮೊಬೈಲಿನಲ್ಲೇ ಗಿರಾಕಿ ಹಿಡಿದುಕೊಡುವುದು ಅವನ ಉದ್ಯೋಗ. ಹೊಳೆಯಲ್ಲಿ ಬೋಟು, ಸಂಜೆಗೆ ಕ್ಯಾಂಪ್ ಫೈರು, ಹೊಟ್ಟೆ ಬಿರಿಯುವಷ್ಟು ಚಿಕನ್ ಇವನ್ನೆಲ್ಲ ಮಾರಿದವನಿಗೆ ದೊಡ್ಡವ್ವನ ಕಾದಂಬರಿ ಮಾರುವುದು ಯಾವ ಲೆಕ್ಕ?

"ದೊಡ್ಡವ್ವ, ಮಾಲು ಚಲೋ ಐತಿ. ಪ್ಯಾಕಿಂಗ್ ಭಾಳ ಸುಮಾರೈತಿ," ಎಂದ, ನಮ್ಮ ಮನೆಯಲ್ಲಿ ಕುಳಿತು ನಾನೇ ಮಾಡಿದ ಅವಲಕ್ಕಿ ತಿನ್ನುತ್ತ.

"ಓದಲಾರದ ಮಾಲು ಚಲೋ ಐತಿ ಅಂತ ನಿನಗ ಹೆಂಗ ಗೊತ್ತಾತು?"

"ಫೀಲ್ ಬರ್ತೈತಿ," ಎಂದ.

ಆ ಮಾಲು ಏನೆಂದು ನಾನೇ ಹೇಳಿಬಿಡುತ್ತೇನೆ. ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಗಂಡ ಪರಸಪ್ಪ ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಕಾದಂಬರಿ ಬರೆದೆ, ನಾನೇ ಟೈಪು ಮಾಡಿದೆ, ನಾನೇ ಪ್ರೂಫು ನೋಡಿದೆ, ಹುಬ್ಬಳ್ಳಿಗೆ ಹೋಗಿ ನಾನೇ ಅಚ್ಚು ಹಾಕಿಸಿದೆ. 'ಹೊಳೆವ್ವನ ಖಾನಾವಳಿ' ಎಂದು ಹೆಸರು, ಒಂದರಿಂದ ಐದು ಭಾಗ. ಹಳಿಯಾಳ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ, ಮುಂಡಗೋಡ ಸಂತೆಯಲ್ಲಿ ನಾದಿನಿಯ ಬಳೆ ಅಂಗಡಿಯ ಮೂಲೆಯಲ್ಲಿ ಅವು ಮಾರಾಟಕ್ಕಿದ್ದವು. ಮಾರಾಟವಾಗುತ್ತಿದ್ದವು ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ.

ಹೊಳೆವ್ವ ಮಿಲ್ಲಿನ ಗೇಟಿನ ಹತ್ತಿರ ಖಾನಾವಳಿ ಇಟ್ಟುಕೊಂಡ ಮುದುಕಿ. ಮೂರೂ ಪಾಳಿಯ ಗಂಡಸರು ಅವಳಲ್ಲಿ ಉಣ್ಣುತ್ತಾರೆ. ರೊಟ್ಟಿ ಮುರಿಯುವ ಕೈ ನೋಡಿದರೆ ಸಾಕು, ಆ ಮನುಷ್ಯ ಏನು ಮುಚ್ಚಿಟ್ಟಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತದೆ. ಸೈಕಲ್ ಕದ್ದವನು, ಜೊತೆಯವನ ಮೇಲೆ ಚಾಡಿ ಹೇಳಿ ಬಂದವನು, ಇಬ್ಬರು ಹೆಂಡಿರ ಗಂಡ, ಎಲ್ಲರೂ ಅವಳ ತಾಟಿನ ಮುಂದೆಯೇ ಸಿಕ್ಕಿಬೀಳುತ್ತಾರೆ. ಯಾರ ಮುಲಾಜಿಗೂ ಬೀಳದ ಹೆಂಗಸು. ಅಂಥವಳಾಗಬೇಕೆಂದು ನನಗೆ ಬಹಳ ಆಸೆಯಿತ್ತು, ಅದಕ್ಕೇ ಬರೆದೆ.

ಐದನೆಯ ಭಾಗದಲ್ಲಿ ಮಲಕಪ್ಪನೆಂಬ ಕೂಲಿಯವನ ಮೇಲೆ ತಾಮ್ರದ ವಾಯರು ಕದ್ದ ಆರೋಪ ಬಂದು ಅವನು ಜೈಲಿಗೆ ಹೋಗುತ್ತಾನೆ. ಕದ್ದವರು ಯಾರೆಂದು ಹೊಳೆವ್ವ ಪುಸ್ತಕವಿಡೀ ಹುಡುಕುತ್ತಾಳೆ. ಕೊನೆಯ ಪುಟದಲ್ಲಿ ಅವಳ ಸ್ವಂತ ಮಗ ಜ್ಯೋತಿಬಾ ಊಟಕ್ಕೆ ಕೂರುತ್ತಾನೆ, ರೊಟ್ಟಿ ಮುರಿಯುತ್ತಾನೆ, ಅವಳು ಅವನ ಕೈ ನೋಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಮುಂದೇನೆಂದು ಆರನೆಯದು ಹೇಳಬೇಕಿತ್ತು. ನಾನು ಬರೆದೂ ಇದ್ದೆ. ಹೊಳೆವ್ವ ಮಗನಿಗೆ ಹೊಟ್ಟೆ ತುಂಬ ಬಡಿಸಿ, ಕೈ ತೊಳೆಸಿ, ತಾನೇ ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಾಳೆ. ಬರೆದು ಮುಗಿಸಿದ ದಿನ ನಾನು ಅಂಗಡಿಯಲ್ಲೇ ಕುಳಿತು ಅತ್ತಿದ್ದೆ.

ಆ ಆರನೆಯದಕ್ಕಾಗಿ ಕಾಯುತ್ತಿದ್ದವರು ಎಷ್ಟು ಜನ ಎಂದರೆ ಒಬ್ಬರು. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ರೈಲು ಸ್ಟೇಷನ್ನಿನ ಹೊರಗೆ ಚಹಾದಂಗಡಿ ನಡೆಸುವ ಗೋದುಬಾಯಿ. ಆಕೆಯ ಮಗಳ ಗಂಡನ ಮನೆ ಹಳಿಯಾಳದಲ್ಲಿ, ಹೋದಾಗೊಮ್ಮೆ ಒಂದೊಂದು ಭಾಗ ಕೊಂಡು ಐದೂ ಮುಗಿಸಿದ್ದಳು. ಪುಸ್ತಕದ ಹಿಂದೆ ಅಚ್ಚಾದ ನಂಬರಿಗೆ ಆಗಾಗ ಫೋನ್ ಮಾಡುತ್ತಿದ್ದಳು. ನಮಸ್ಕಾರ ಗಿಮಸ್ಕಾರ ಇಲ್ಲ.

"ಬಾಯೀ, ಆರನೇದು ಆತೇನು?"

"ಬರೀಲಿಕ್ಕತ್ತೇನ್ರಿ."

"ಲವಕರ ಬರೀರಿ, ತಡಾ ಮಾಡಬ್ಯಾಡ್ರಿ. ಆ ಮಲಕಪ್ಪ ಪಾಪ, ಇನ್ನೂ ಒಳಗ ಕುಂತಾನ."

ಇಷ್ಟು ಹೇಳಿ ಇಟ್ಟುಬಿಡುತ್ತಿದ್ದಳು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಬರೆಯುವವಳಿಗೆ ಒಂದು ಹೊಗಳಿಕೆಯ ಮಾತಿಲ್ಲ, ಏನಿಲ್ಲ, ಚಹಾಕ್ಕೆ ಹಾಲು ತಂದಿಲ್ಲವೇಕೆ ಎಂದು ಗೌಳಿಗನನ್ನು ಜಬರಿಸುವ ಹಾಗೆ ಜಬರಿಸುವುದು. ನನಗೆ ಬೇಕಾಗಿದ್ದದ್ದು ಸಾವಿರಾರು ಓದುಗರು. ಸಿಕ್ಕವಳು ಈಕೆ.

ಕಿರಣಕುಮಾರನ ಕೈಗೆ ನಾನು ಬಿದ್ದದ್ದು ಈ ಆಸೆಯಿಂದಲೇ. ಅವನು ಇದಕ್ಕೆ ರೀಲಾಂಚ್ ಎಂದ. ಹಳೆಯ ಐದು ಮತ್ತು ಹೊಸ ಆರನೆಯದು, ಎಲ್ಲಕ್ಕೂ ಹೊಸ ಹೊದಿಕೆ, ಹೊಸ ಹೆಸರು. 'ಹೊಳೆವ್ವನ ಖಾನಾವಳಿ' ಹೋಗಿ 'ಡಾರ್ಕ್ ದಾಂಡೇಲಿ' ಬಂತು. ಭಾಗ ಎಂಬುದು ಹೋಗಿ ಸೀಸನ್ ಆಯಿತು. ಮುಖಪುಟದಲ್ಲಿ ಹುಲಿ. ನನ್ನ ಐದು ಪುಸ್ತಕಗಳಲ್ಲಿ ಹುಲಿಯ ಸುದ್ದಿಯೇ ಇಲ್ಲ. ಒಂದು ಕಡೆ ಬೆಕ್ಕು ಹಾಲು ಕುಡಿಯುತ್ತದೆ, ಅಷ್ಟೇ.

"ದಾಂಡೇಲಿ ಅಂದ್ರ ಮಂದಿಗೆ ಹುಲಿ ಬೇಕು ದೊಡ್ಡವ್ವ. ರೊಟ್ಟಿ ಯಾರಿಗೆ ಬೇಕಾಗೈತಿ?"

"ಪುಸ್ತಕದಾಗ ಇಲ್ಲಲ್ಲೋ."

"ರೆಸಾರ್ಟಿನ ಬೋರ್ಡಿನ ಮ್ಯಾಲೂ ಹುಲಿ ಐತಿ. ಯಾವ ಗಿರಾಕಿ ಕಂಡಾನ? ಯಾರರ ರೊಕ್ಕ ವಾಪಸ್ ಕೇಳ್ಯಾರೇನು?"

ಆಮೇಲೆ ನನಗೆ ಲೈಫ್ ಜಾಕೆಟ್ ತೊಡಿಸಿ, ಬೋಟಿನಲ್ಲಿ ಕೂರಿಸಿ, ಕೈಯಲ್ಲಿ ಪುಸ್ತಕ ಹಿಡಿಸಿ ರೀಲ್ ಮಾಡಿದ. ಬೀಳುವ ಹೆದರಿಕೆಯಲ್ಲಿ ನಾನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದೆ, ಯಾರೂ ಗಮನಿಸಲಿಲ್ಲ. ತನ್ನ ಗೆಳೆಯರಿಂದ ಆನ್‌ಲೈನಿನಲ್ಲಿ ಐದೈದು ಸ್ಟಾರ್ ಹಾಕಿಸಿದ. ಅವರಲ್ಲೊಬ್ಬ ರೂಢಿಯ ಮೇಲೆ, ರೂಮುಗಳು ಸ್ವಚ್ಛವಾಗಿವೆ, ಸಿಬ್ಬಂದಿ ನಗುಮುಖದವರು ಎಂದು ಬರೆದುಬಿಟ್ಟ. ಅದನ್ನು ಓದಿ ನನ್ನ ಗಂಡ ಮೂರು ದಿನ ನಕ್ಕರು. ನಾನೂ ನಗಬೇಕಿತ್ತು, ನಗು ಬರಲಿಲ್ಲ. ಆ ವಿಮರ್ಶೆಗೆ ನೂರಾರು ಮೆಚ್ಚುಗೆ ಬಿದ್ದಿದ್ದವು ಮತ್ತು ಅದು ನನಗೆ ಹಿತವಾಗಿತ್ತು.

ಆರನೆಯದರ ಕಥೆ ಕೇಳಿದಾಗ ಮಾತ್ರ ಕಿರಣ ತಲೆಯ ಮೇಲೆ ಕೈ ಇಟ್ಟುಕೊಂಡ. ಓದಲಿಲ್ಲ, ಕೇಳಿದ.

"ಹಡದವ್ವ ಮಗನ್ನ ಜೇಲಿಗೆ ಕಳಸ್ತಾಳಂದ್ರ ಯಾರ ಓದ್ತಾರ? ಫ್ಯಾಮಿಲಿ ಮಂದಿ ಒಗದುಬಿಡ್ತಾರ. ಮಗಾ ನಿರಪರಾಧಿ ಅಂತ ಮಾಡು. ಹೊರಗಿಂದ ಬಂದ ಯಾರೋ ಕದ್ದಾನ ಅಂದ್ರ ಮುಗೀತಲ್ಲ."

ನಾನು ಜಗಳವಾಡಿದೆ. ಒಂದು ವಾರ ಮಾತು ಬಿಟ್ಟೆ. ನಂತರ ಅಂಗಡಿಯ ಬಾಗಿಲು ಹಾಕಿಕೊಂಡು ಕುಳಿತು, ಅವನು ಹೇಳಿದ ಹಾಗೆಯೇ ಬದಲಿಸಿದೆ. ಮಗನ ಕೈಯಲ್ಲಿ ಹೊಳೆವ್ವನಿಗೆ ಕಂಡದ್ದು ತಪ್ಪು, ಮುಪ್ಪಿನ ಕಣ್ಣಿನ ದೋಷ ಎಂದು ಬರೆದೆ. ತಾಯಿ ಮಗ ತಬ್ಬಿಕೊಂಡು ಅಳುತ್ತಾರೆ. ಈ ಸಲ ಬರೆದು ಮುಗಿಸಿದಾಗ ನನಗೆ ಅಳು ಬರಲಿಲ್ಲ, ಹಸಿವಾಯಿತು.

ಇನ್ನು ಬಿಡುಗಡೆ ಸಮಾರಂಭ. ಮಂದಿ ಬರಬೇಕಲ್ಲ ಎಂದು ನಾನು ಕೇಳಿದೆ. ಕಿರಣ ನಕ್ಕ.

"ಕಾರ್ಡಿನ್ಯಾಗ ಹೆಸರು ಹಾಕಿದ್ರ ಹೆಣ ಸುದ್ದಾ ಎದ್ದ ಬರ್ತೈತಿ."

ನಮ್ಮ ಕಡೆಯ ಆಮಂತ್ರಣ ಪತ್ರಿಕೆಯ ಮಹಿಮೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಧ್ಯಕ್ಷತೆ, ಉದ್ಘಾಟನೆ, ಬಿಡುಗಡೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಘನಕ್ಕೂ ಗೌರವಕ್ಕೂ ಏನು ವ್ಯತ್ಯಾಸವೆಂದು ಇಂದಿಗೂ ನನಗೆ ತಿಳಿದಿಲ್ಲ, ಆದರೆ ಒಂದರಿಂದ ಇನ್ನೊಂದಕ್ಕೆ ಇಳಿಸಿದರೆ ಮುನಿಸಿಕೊಳ್ಳುವವರನ್ನು ಕಂಡಿದ್ದೇನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಸಂಘಗಳ ಪದಾಧಿಕಾರಿಗಳು, ಅಂಗಡಿಕಾರರು, ನಿವೃತ್ತ ಮಾಸ್ತರರು, ಒಬ್ಬ ಯೋಗ ಶಿಕ್ಷಕ, ಒಬ್ಬ ಪಶುವೈದ್ಯ, ಹೀಗೆ ಕಾರ್ಡು ಮಡಚಿ ಮಡಚಿ ರೈಲ್ವೆ ಟೈಮ್‌ಟೇಬಲಿನಷ್ಟು ಉದ್ದವಾಯಿತು. ಜೋಯಿಡಾದ ಕಡೆಯಿಂದ ಮಹಿಳೆಯರು ಕಡಿಮೆ ಬಿದ್ದರು ಎಂದಾಗ ನಾನೇ ಗೋದುಬಾಯಿಯ ಹೆಸರು ಕೊಟ್ಟೆ. ಘನ ಉಪಸ್ಥಿತಿಯ ಕೊನೆಯ ಸಾಲಿನಲ್ಲಿ ಆಕೆಯ ಹೆಸರು ಅಚ್ಚಾಯಿತು.

ಈ ಕಾರ್ಡಿಗೆ ಇನ್ನೊಂದು ಮುಖವಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಬರೆದದ್ದನ್ನೆಲ್ಲ ಅಂಗಡಿಯ ಬೆಂಚಿನ ಮೇಲೆ ಕುಳಿತು ಓದಿಸಿಕೊಂಡು ಕೇಳುತ್ತಿದ್ದ ನಮ್ಮ ಓಣಿಯ ಶಿವವ್ವನಿಗೆ ಕಾರ್ಡು ಕೊಡಲು ಹೋದೆ. ಆಕೆ ಮೊಮ್ಮಗಳಿಂದ ಮೇಲಿನಿಂದ ಕೆಳಗಿನವರೆಗೆ ಓದಿಸಿದಳು. ಎರಡು ಸಲ ಓದಿಸಿದಳು.

"ಛಲೋ ಆತು ಬಿಡು. ಇಷ್ಟ ಮಂದಿ ದೊಡ್ಡವರು ಬರೂಮುಂದ ನಾವ್ಯಾಕ?" ಎಂದು ಕಾರ್ಡನ್ನು ನನ್ನ ಕೈಗೇ ವಾಪಸು ಕೊಟ್ಟಳು. ಓಣಿಯ ಉಳಿದವರೂ ಅಷ್ಟೇ. ಹೆಸರಿದ್ದವರು ಅತಿಥಿಗಳಾದರು, ಹೆಸರಿಲ್ಲದವರು ಕರೆಯದವರಾದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅಂದು ಕೆಲಸವಿತ್ತು.

ಸಮಾರಂಭದ ದಿನ ಕಾರ್ಡಿನಲ್ಲಿದ್ದವರೆಲ್ಲರೂ ಬಂದರು. ಒಬ್ಬರೂ ತಪ್ಪಿಸಲಿಲ್ಲ. ಬಂದವರು ಬಂದ ಹಾಗೆ ನೇರ ವೇದಿಕೆ ಹತ್ತಿದರು. ಅಲ್ಲಿದ್ದ ಕುರ್ಚಿಗಳು ತುಂಬಿದವು. ಮುಂಡಗೋಡದಿಂದ ಬಂದವರು ನಿಂತುಕೊಂಡು ಕಿರಣನನ್ನು ದಿಟ್ಟಿಸಿದರು. ಅವನು ಕೆಳಗಿನ ಸಾಲಿನಿಂದ ಕುರ್ಚಿ ಎತ್ತಿ ಮೇಲೆ ಕೊಡತೊಡಗಿದ. ಹಳಿಯಾಳದವರು ಬಂದರು, ಮತ್ತೊಂದು ಸಾಲು ಮೇಲೆ ಹೋಯಿತು. ಗೌರವ ಉಪಸ್ಥಿತಿಯವರಿಗೆ ಸ್ಟೂಲುಗಳು ಸಿಕ್ಕವು. ಎಲ್ಲ ಮುಗಿದಾಗ ಸಭಾಂಗಣ ಗುಡಿಸಿದ ಅಂಗಳದ ಹಾಗೆ ಬರಿದಾಗಿತ್ತು. ವೇದಿಕೆ ಮಾತ್ರ ಸಂತೆಗೆ ಹೊರಟ ಟೆಂಪೋದಂತೆ ತುಂಬಿ, ಹಿಂದಿನ ಸಾಲಿನವರ ಬೆನ್ನು ಬ್ಯಾನರಿನ ಹುಲಿಯ ಮೂತಿಗೆ ತಾಗುತ್ತಿತ್ತು. ನನ್ನ ಗಂಡ ಹಿಂದೆ ಊಟದ ಪಾತ್ರೆಗಳ ಹತ್ತಿರವೇ ಉಳಿದರು.

ಕೆಳಗೆ ಒಂದೇ ಕುರ್ಚಿ ಉಳಿದಿತ್ತು. ಅದರಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸು, ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಕಿರಣ ಕೈಮುಗಿದು, "ಬರ್ರಿ ಅಕ್ಕಾರ, ಮ್ಯಾಲ ನಿಮ್ಮ ಹೆಸರೈತಿ," ಎಂದ.

"ನಾ ಕೇಳಾಕ ಬಂದೇನಿ. ಮ್ಯಾಲ ಕುಂತ್ರ ಎದುರ ಯಾರ ಕುಂದ್ರವರು?" ಎಂದಳು. ದನಿಯಿಂದಲೇ ನನಗೆ ಗುರುತು ಸಿಕ್ಕಿತು, ಗೋದುಬಾಯಿ.

ಅಧ್ಯಕ್ಷತೆ ಬಸಲಿಂಗಯ್ಯನವರದು. ಅವರು ಅಧ್ಯಕ್ಷರಾಗಲೆಂದೇ ಹುಟ್ಟಿದವರು. ಮೂರು ಸಾಹಿತ್ಯ ಸಂಘಗಳಿಗೆ ಅಧ್ಯಕ್ಷರು, ಅದರಲ್ಲೊಂದಕ್ಕೆ ಅವರ ಹೊರತು ಸದಸ್ಯರಿಲ್ಲ. ಬಣ್ಣದ ಕಾಗದ ಬಿಚ್ಚಿ, ಆರೂ ಪುಸ್ತಕಗಳನ್ನು ಎದೆಯ ಮುಂದೆ ಹಿಡಿದು ಫೋಟೋ ಮುಗಿದ ಮೇಲೆ ಮೈಕು ಹಿಡಿದರು. ಕಾರ್ಯಬಾಹುಳ್ಯದಿಂದ ಕೃತಿಗಳನ್ನು ಓದಲಾಗಿಲ್ಲ, ಆದರೆ ಮುಟ್ಟಿದಾಗಲೇ ಅವುಗಳ ತೂಕ ತಿಳಿಯಿತು ಎಂದರು. ಅದು ನಿಜವಿರಬೇಕು, ಕಿರಣ ದಪ್ಪ ಕಾಗದ ಹಾಕಿಸಿದ್ದ. ತಾಯಿಹೃದಯ ಎಂದರು, ಕಾಡಿನ ಮಕ್ಕಳು ಎಂದರು, ಹುಲಿಯಂಥ ಲೇಖಕಿ ಎಂದರು. ಹಿಂದಿನವರು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಕುಳಿತಿದ್ದೆ. ಇವರೆಲ್ಲರ ಬಗ್ಗೆ ನನಗೆ ಅಸಹ್ಯವಿತ್ತು, ಆದರೂ ಮಾತು ಮುಗಿಯದಿರಲಿ ಎನ್ನಿಸುತ್ತಿತ್ತು.

ಆಗ ಗೋದುಬಾಯಿ ಎದ್ದು ನಿಂತಳು.

"ಸಾಹೇಬ್ರ, ಒಂದ ಕೇಳೂದೈತಿ. ಆರನೇದರಾಗ ಹೊಳೆವ್ವ ಮಗನ್ನ ಪೊಲೀಸ್ರಿಗೆ ಕೊಟ್ಟಳೋ ಇಲ್ಲೋ?"

ಬಸಲಿಂಗಯ್ಯನವರು ಪಕ್ಕದವರನ್ನು ನೋಡಿದರು. ಪಕ್ಕದವರು ಅವರ ಪಕ್ಕದವರನ್ನು ನೋಡಿದರು. ನೋಟ ಹಾಗೆಯೇ ಹಳಿಯಾಳ ದಾಟಿ ಮುಂಡಗೋಡದವರೆಗೆ ಹೋಗಿ ಯಾರಲ್ಲೂ ನಿಲ್ಲದೆ ವಾಪಸು ಬಂತು.

"ಅದನ್ನು ಓದುಗರು ಸ್ವತಃ ಓದಿಯೇ ಸವಿಯಬೇಕು ತಾಯಿ," ಎಂದರು ಅವರು.

"ಹೊಳೆವ್ವ ಯಾರ ಅಂತರ ಗೊತ್ತೈತೇನು ನಿಮಗ?"

ಬಸಲಿಂಗಯ್ಯನವರು ಮುಗುಳ್ನಕ್ಕರು. ಗೋದುಬಾಯಿ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಬಾಯೀ, ನೀವ ಹೇಳ್ರಿ. ನಾ ಎರಡ ಬಸ್ ಬದಲಿಸಿ ಬಂದೇನಿ."

ಹಾರಿಕೆಯ ಉತ್ತರ ಕೊಡಬಹುದಿತ್ತು. ಆದರೆ ಆರನೆಯದು ಎದುರಿಗೇ ರಾಶಿ ಬಿದ್ದಿತ್ತು, ಹೇಗೂ ಓದುತ್ತಾಳೆ, ಈಕೆಯೊಬ್ಬಳು ಓದಿಯೇ ಓದುತ್ತಾಳೆ.

"ಜ್ಯೋತಿಬಾ ಕದ್ದಿಲ್ರಿ. ಹೊರಗಿನವನೊಬ್ಬ ಕದ್ದಾನ ಅಂತ ಬರದೇನಿ," ಎಂದೆ. ಮೈಕು ನನ್ನ ಮುಂದಿತ್ತು, ಮಾತು ಹಾಲ್ ತುಂಬ ಕೇಳಿಸಿತು.

"ಆಕಿ ಕೈ ನೋಡಿದ್ಲಲ್ಲ?"

"ತಪ್ಪ ಕಂಡಿತ್ತು ಅಂತ ಬರದೇನ್ರಿ. ವಯಸ್ಸಾಗೈತಿ, ಕಣ್ಣ ಮಂಜ..."

ಗೋದುಬಾಯಿ ಚೀಲವನ್ನು ಕುರ್ಚಿಯ ಮೇಲಿಟ್ಟಳು.

"ಮಂದಿ ಮಕ್ಕಳ ಕೈ ನೋಡೂಮುಂದ ಒಮ್ಮೆನೂ ತಪ್ಪ ಕಾಣಲಿಲ್ಲ. ತನ್ನ ಮಗನ ಕೈ ಬಂದ ಕೂಡ್ಲೆ ಕಣ್ಣಿಗೆ ಮಂಜ ಬಂತು. ಹಂಗಾರ ಮೊದಲ ಹಿಡಕೊಟ್ಟವರೆಲ್ಲಾರೂ ಖರೇನ ಕಳ್ಳರಿದ್ರೋ ಏನ ಆಕಿ ಸುಳ್ಳ ಹೇಳಿದ್ಲೋ?"

ನನ್ನ ಐದೂ ಪುಸ್ತಕಗಳನ್ನು ಆಕೆ ಎರಡು ಮಾತಿನಲ್ಲಿ ಕೆಡವಿ ಹಾಕಿದಳು. ನಾನೇ ಕೆಡವಿದ್ದೆ, ಆಕೆ ತೋರಿಸಿದಳು.

"ಬಹಳ ಒಳ್ಳೆಯ ಸಂವಾದ!" ಎಂದು ಬಸಲಿಂಗಯ್ಯನವರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. "ಇಂಥ ಪ್ರಬುದ್ಧ ಓದುಗರಿಗೆ ಜೋರಾದ ಚಪ್ಪಾಳೆ." ವೇದಿಕೆಯ ಮೇಲಿನವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಕೂಡಲೇ ಕಿರಣ ಗೌರವ ಪ್ರತಿ ಹಂಚುವ ಕಾರ್ಯಕ್ರಮ ಎಂದು ಘೋಷಿಸಿದ. ಒಬ್ಬೊಬ್ಬರಿಗೂ ಶಾಲು, ಒಂದು ಮೋಸಂಬಿ, ಆರು ಪುಸ್ತಕ. ಆ ಘೋಷಣೆಗೆ ಬಿದ್ದ ಚಪ್ಪಾಳೆ ಅದಕ್ಕಿಂತ ಜೋರಾಗಿತ್ತು. ಪಶುವೈದ್ಯರು ತಮ್ಮ ಹೆಂಡತಿಗೂ ಒಂದು ಸೆಟ್ ಕೇಳಿದರು.

ಗೋದುಬಾಯಿ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ನಾನು ರಾಶಿಯಿಂದ ಒಂದು ಆರನೆಯದನ್ನು ಎತ್ತಿಕೊಂಡು ವೇದಿಕೆ ಇಳಿದು ಓಡಿದೆ. ಲೇಖಕಿ ಎತ್ತ ಹೊರಟಳು ಎಂದು ಯಾರೂ ಕೇಳಲಿಲ್ಲ, ಶಾಲು ಹೊದಿಸುವುದು ಶುರುವಾಗಿತ್ತು. ಗೇಟಿನ ಹೊರಗೆ ಆಕೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ ನಿಂತಿದ್ದಳು.

"ಊಟ ಮಾಡ್ಕೊಂಡ ಹೋಗ್ರಿ," ಎಂದೆ.

"ಜೋಯಿಡಾ ಬಸ್ ತಪ್ಪತೈತಿ."

"ಮೊದಲ ಆಕಿ ಮಗನ್ನ ಹಿಡಕೊಡ್ತಾಳ ಅಂತನ ಬರದಿದ್ದೆರಿ. ದೇವರಾಣಿ. ಆಕಿ ತಾನ ಕರಕೊಂಡ ಹೋಗ್ತಾಳ, ಉಣ್ಣಿಸಿ ಕರಕೊಂಡ ಹೋಗ್ತಾಳ."

ಆಕೆ ತಲೆ ಎತ್ತಿದಳು. ಅಂದು ಮೊದಲ ಸಲ ಆಕೆಯ ಮುಖದಲ್ಲಿ ಸಂತೋಷ ಕಂಡೆ. "ಉಣ್ಣಿಸಿ?"

"ಹೂಂರಿ. ಕೈ ತೊಳಸಿ."

"ಹಂಗ ಮಾಡಾಕಿನ ಆಕಿ," ಎಂದಳು, ಗುರುತಿನವರ ಬಗ್ಗೆ ಹೇಳುವ ಹಾಗೆ. ಕೂಡಲೇ ಮುಖ ಗಂಟಿಕ್ಕಿದಳು. "ಮತ್ಯಾಕ ತಗದ್ರಿ?"

"ಮಂದಿ ಓದಂಗಿಲ್ಲ ಅಂದ್ರು."

"ಯಾವ ಮಂದಿ?"

ಆಕೆ ಒಳಗಿನ ವೇದಿಕೆಯ ಕಡೆ ಗದ್ದ ಎತ್ತಿ ತೋರಿಸಿ, "ಇವರೇನು?" ಎಂದಳು.

ಒಳಗೆ ಯಾರದೋ ಶಾಲು ಜಾರಿ ಬಿದ್ದು ಎಲ್ಲರೂ ನಗುತ್ತಿದ್ದರು. ಇಷ್ಟು ದಿನ ಕಿರಣನ ಮೇಲೆ, ಬಸಲಿಂಗಯ್ಯನವರ ಮೇಲೆ, ಘನ ಮತ್ತು ಗೌರವ ಉಪಸ್ಥಿತಿಗಳ ಮೇಲೆ ನಾನು ಮೂಗು ಮುರಿದದ್ದೆಲ್ಲ ಒಂದು ಕ್ಷಣದಲ್ಲಿ ನನ್ನ ಕಡೆ ತಿರುಗಿತು. ಅವರು ಓದದೆ ಹೊಗಳಿದರು, ಅಷ್ಟೇ. ಅವರಿಗಾಗಿ ಹೊಳೆವ್ವನನ್ನು ಕುರುಡಿ ಮಾಡಿದವಳು ನಾನು.

ಕೈಯಲ್ಲಿದ್ದ ಪುಸ್ತಕವನ್ನು ಮುಂದೆ ಚಾಚಿದೆ. "ತಗೋರಿ. ನಿಮ್ಮ ಗೌರವ ಪ್ರತಿ."

ಗೋದುಬಾಯಿ ಅದರ ಮೇಲಿನ ಹುಲಿಯನ್ನು ನೋಡಿದಳು. ಹಿಂದೆ ತಿರುಗಿಸಿ ನನ್ನ ಫೋಟೋ ನೋಡಿದಳು. ಮತ್ತೆ ನನ್ನ ಕೈಯಲ್ಲೇ ಇಟ್ಟಳು.

"ಆ ಐದನ್ನೂ ಚಹಾ ಮಾರಿದ ರೊಕ್ಕದಾಗ ತಗೊಂಡೇನ್ರಿ. ಮೊದಲ ಬರದದ್ದನ್ನ ಅಚ್ಚ ಹಾಕ್ರಿ, ಅದನ್ನೂ ತಗೋತೇನಿ. ಇದನ್ನ ಫುಕಟ ಕೊಟ್ರೂ ಒಲ್ಲೆ."

ಬಸ್ ಸ್ಟ್ಯಾಂಡಿನ ಕಡೆ ಹೋಗುವ ಆಟೋಕ್ಕೆ ಕೈ ಮಾಡಿ ಹತ್ತಿದಳು. ತಿರುಗಿ ನೋಡಲಿಲ್ಲ. ನಾನು ಬಿಸಿಲಿನಲ್ಲಿ ನಿಂತೇ ಇದ್ದೆ. ಅಷ್ಟರಲ್ಲಿ ಕಿರಣ ಓಡುತ್ತ ಬಂದ, ಬೆವರಿದ್ದ, ಮುಖ ಅರಳಿತ್ತು.

"ದೊಡ್ಡವ್ವ, ಸೂಪರ್ ಹಿಟ್! ಅಷ್ಟೂ ಖಾಲಿ. ಒಂದೂ ಉಳದಿಲ್ಲ ನೋಡು!"

"ಒಂದು ಉಳದೈತಿ," ಎಂದು ಕೈಯಲ್ಲಿದ್ದುದನ್ನು ಅವನಿಗೆ ತೋರಿಸಿದೆ.